ಯಜಮಾನಿಯ ಬಾಗಿಲು

ಜೇಡವು ಕೀಟವಲ್ಲ. ಕೀಟಕ್ಕೆ ಆರು ಕಾಲು, ಜೇಡಕ್ಕೆ ಎಂಟು. ಕೀಟದ ಮೈ ಮೂರು ಭಾಗ, ಜೇಡದ್ದು ಎರಡು. ಶಾಲೆಯ ಮೆಟ್ಟಿಲು ಹತ್ತಿದ ಯಾರಿಗಾದರೂ ತಿಳಿದಿರಬೇಕಾದ ಈ ಸಂಗತಿಯನ್ನು, ಪ್ರಾಣಿಶಾಸ್ತ್ರ ಸಂಗ್ರಹಾಲಯದ ಜೀವಂತ ಪ್ರಾಣಿಗಳ ಕೋಣೆಯಲ್ಲಿ ಪಾಲಕರಾಗಿದ್ದ ಒಬ್ಬ ಮನುಷ್ಯರು ತಮ್ಮ ಸೇವೆಯ ಉದ್ದಕ್ಕೂ ಪ್ರತಿದಿನ ಹೇಳಬೇಕಾಗಿ ಬಂತೆಂಬುದು ನಮ್ಮ ವಿದ್ಯಾಭ್ಯಾಸಕ್ಕೆ ಶೋಭೆ ತರುವ ವಿಷಯವಲ್ಲ. ಪೆಟ್ಟಿಗೆಯ ಗಾಜಿಗೆ ಮೂಗು ಒತ್ತಿ "ಇದ್ಯಾವ ಹುಳ?" ಎಂದು ಕೇಳಿದವರಿಗೆಲ್ಲ ಅವರು "ಹುಳ ಅಲ್ಲ, ಕೀಟ ಅಲ್ಲ, ಜೇಡ ಸ್ವಾಮಿ" ಎಂದು ಒಂದೇ ರಾಗದಲ್ಲಿ ಉತ್ತರಿಸುತ್ತಿದ್ದರು. ಸಹೋದ್ಯೋಗಿಗಳು ಅವರಿಗೆ "ಕೀಟ ಅಲ್ಲ" ಎಂದೇ ಹೆಸರಿಟ್ಟಿದ್ದರು. "ಕೀಟ ಅಲ್ಲ ಬಂದ್ರಾ? ಕೀಟ ಅಲ್ಲ ಊಟಕ್ಕೆ ಹೋದ್ರಾ?" ಪಾಲಕರಿಗೆ ಅದರಿಂದ ಬೇಸರವಿರಲಿಲ್ಲ. ಸರಿಯಾದ ಮಾತೇ ಅಡ್ಡಹೆಸರಾದರೆ ನಾಚಿಕೊಳ್ಳುವುದಕ್ಕೇನಿದೆ ಎನ್ನುತ್ತಿದ್ದರು.

ಅವರು ಸಂಗ್ರಹಾಲಯಕ್ಕೆ ಸೇರಿದ್ದು ಬಡಗಿಯಾಗಿ. ತಂದೆಯೂ ಬಡಗಿ, ಬಾಗಿಲು, ಕಿಟಕಿ, ಚೌಕಟ್ಟುಗಳಲ್ಲಿ ಕೈ ಪಳಗಿದ ಕುಟುಂಬ. ಸತ್ತ ಹಕ್ಕಿಗಳನ್ನಿಡುವ ಗಾಜಿನ ಕಪಾಟುಗಳನ್ನು ಮಾಡುತ್ತ ಕೆಲವು ವರ್ಷ ಕಳೆದ ಮೇಲೆ, ಜೀವಂತ ಪ್ರಾಣಿಗಳ ಕೋಣೆಗೆ ಮಣ್ಣು ತುಂಬಿಸಬಹುದಾದ ಒಂದು ಪೆಟ್ಟಿಗೆ ಬೇಕೆಂದು ಬೇಡಿಕೆ ಬಂತು. ದೂರದ ಮಳೆಕಾಡೊಂದರ ಇಳಿಜಾರಿನಲ್ಲಿ ರಸ್ತೆ ಕಡಿಯುವಾಗ ಸಿಕ್ಕಿದ ಜೇಡವನ್ನು ಅದರಲ್ಲಿ ಇಡಬೇಕಾಗಿತ್ತು. ಪೆಟ್ಟಿಗೆ ಮಾಡಿ ಒಪ್ಪಿಸಿದವರು ಮರುದಿನ ಸುಮ್ಮನೆ ನೋಡಲೆಂದು ಹೋದರು. ಜೇಡವು ಮಣ್ಣನ್ನು ಕೊರೆದು ಬಿಲ ಮಾಡಿ, ಬಿಲದ ಬಾಯಿಗೆ ಮಣ್ಣು, ಪಾಚಿ, ನೂಲುಗಳನ್ನು ಸೇರಿಸಿ ದುಂಡನೆಯ ಒಂದು ಬಾಗಿಲನ್ನು ಕೂರಿಸಿತ್ತು. ಒಂದು ಬದಿಯಲ್ಲಿ ನೂಲಿನದೇ ಬಿಜಾಗರಿ. ಮುಚ್ಚಿದರೆ ಬಾಗಿಲೆಲ್ಲಿ, ನೆಲವೆಲ್ಲಿ ಎಂದು ತಿಳಿಯದು. ಪಾಲಕರು ತಮ್ಮ ತಂದೆಯ ಕೈಯಿಂದಲೂ ಅಷ್ಟು ಬಿಗಿಯಾದ ಬಾಗಿಲನ್ನು ಕಂಡಿರಲಿಲ್ಲ. ಆ ವಾರವೇ ವರ್ಗಾವಣೆ ಕೇಳಿಕೊಂಡು ಆ ಕೋಣೆಗೆ ಬಂದವರು ಮತ್ತೆ ಬಡಗಿಯ ಕೊಠಡಿಗೆ ಹಿಂದಿರುಗಲಿಲ್ಲ.

ಆ ಜೇಡಕ್ಕೆ ಅವರು "ಯಜಮಾನಿ" ಎಂದು ಹೆಸರಿಟ್ಟರು. ಮನೆಯ ಗೋಡೆಯ ಮೇಲೆ ಓಡಾಡುವ ಜೇಡಗಳ ಕೋರೆಹಲ್ಲುಗಳು ಇಕ್ಕುಳದಂತೆ ಎದುರುಬದುರಾಗಿ ಕಚ್ಚಿದರೆ, ಇವಳ ಕುಲದವರ ಕೋರೆಗಳು ಜೋಡಿ ಗುದ್ದಲಿಯಂತೆ ಮೇಲಿನಿಂದ ನೇರವಾಗಿ ಕೆಳಗಿಳಿಯುತ್ತವೆ. ಈ ಕುಲ ಬಹು ಹಳೆಯದು. ಗಂಡುಗಳು ಪ್ರಾಯಕ್ಕೆ ಬಂದೊಡನೆ ಬಿಲ ಬಿಟ್ಟು ಹೆಣ್ಣನ್ನರಸುತ್ತ ಹೋಗಿ ಬೇಗನೆ ಸಾಯುತ್ತವೆ. ಹೆಣ್ಣು ಒಂದೇ ಬಿಲದಲ್ಲಿ ದಶಕಗಟ್ಟಲೆ ಬಾಳುತ್ತದೆ. ಪಾಲಕರ ಮಗಳು ಮೊದಲ ಬಾರಿ ಶಾಲೆಯ ಚೀಲ ಹೊತ್ತ ವರ್ಷ ಬಂದ ಯಜಮಾನಿ, ಆ ಮಗಳ ಮದುವೆಯಾದಾಗಲೂ ಅದೇ ಬಿಲದಲ್ಲಿದ್ದಳು. ಸಂಜೆ ಮನೆಗೆ ಬಂದ ಗಂಡನನ್ನು ಹೆಂಡತಿ ವಿಚಾರಿಸುವ ಕ್ರಮವೇ ಹಾಗಿತ್ತು: "ನಿಮ್ಮ ದೊಡ್ಡ ಯಜಮಾನಿ ಊಟ ಮಾಡಿದ್ಲಾ? ಹಾಗಾದ್ರೆ ಚಿಕ್ಕವಳಿಗೂ ಸ್ವಲ್ಪ ಸೊಪ್ಪು ಬಿಡಿಸಿಕೊಡಿ."

ಜೇಡ ಬೆಳೆಯಬೇಕಾದರೆ ಹಳೆಯ ಚರ್ಮವನ್ನು ಕಳಚಬೇಕು. ಈ ಕುಲದ ಹೆಣ್ಣು ಮುದಿತನದಲ್ಲೂ ಆಗಾಗ ಕಳಚುತ್ತದೆ. ಅದಕ್ಕೆ ಮುನ್ನ ಬಾಗಿಲನ್ನು ಒಳಗಿನಿಂದ ಮಣ್ಣು ನೂಲುಗಳಿಂದ ಮೆತ್ತಿ ಭದ್ರಪಡಿಸಿ, ಒಳಗೆ ಅಂಗಾತ ಮಲಗಿ, ಹಳೆಯ ಅಂಗಿಯಿಂದ ಕೈಕಾಲು ಬಿಡಿಸಿಕೊಳ್ಳುವಂತೆ ಮೆಲ್ಲಮೆಲ್ಲನೆ ಹೊರಬರುತ್ತದೆ. ಆಗ ಮೈ ಬೆಣ್ಣೆಯಷ್ಟು ಮೃದು, ಕೋರೆಹಲ್ಲುಗಳೂ ಬೆಳ್ಳಗೆ. ಆ ಹೊತ್ತಿನಲ್ಲಿ ಒಣಗಾಳಿ ತಾಕಿದರೆ, ಏನಾದರೂ ಸೋಕಿದರೆ, ಉಳಿಯುವುದಿಲ್ಲ. ಬಾಗಿಲು ಮೆತ್ತಿದ್ದರೆ ಪೆಟ್ಟಿಗೆಯನ್ನು ಮುಟ್ಟಕೂಡದೆಂಬ ನಿಯಮವನ್ನು ಕೋಣೆಯ ಗೋಡೆಗೆ ಬರೆದು ಅಂಟಿಸಿದ್ದವರು ಸ್ವತಃ ಪಾಲಕರೇ. ಅದರ ಕೆಳಗೆ ಎರಡನೆಯ ನಿಯಮ: ಈ ಕೋಣೆಯ ನೆಲವನ್ನು ಬರಿಯ ನೀರಿನಿಂದ ಮಾತ್ರ ಒರೆಸತಕ್ಕದ್ದು, ಫಿನಾಯಿಲ್ ನಿಷಿದ್ಧ.

ಬೀಗರು ಬಂದದ್ದು ಬಾಗಿಲು ಮೆತ್ತಿದ್ದ ಒಂದು ವಾರದಲ್ಲಿ.

ಬೀಗರೆಂದರೆ ಮಗಳ ಮಾವ. ನೀರೆತ್ತುವ ಪಂಪುಗಳ ವ್ಯಾಪಾರ ಮಾಡಿ, ಗಿರಾಕಿಗಳೊಡನೆ ಮಾತಾಡಿ ಮಾತಾಡಿ ಗಂಟಲನ್ನು ಪಂಪಿನಷ್ಟೇ ಬಲಪಡಿಸಿಕೊಂಡಿದ್ದ ಮನುಷ್ಯರು. ಕೆಟ್ಟವರಲ್ಲ. ಆದರೆ ನಗಿಸುವುದಕ್ಕೆ ಒಬ್ಬರು ಸಿಕ್ಕಿದರೆ ಸಾಕು, ಅವರನ್ನು ಸಂಜೆಯವರೆಗೆ ಬಿಡುತ್ತಿರಲಿಲ್ಲ. "ನಮ್ಮ ಬೀಗರ ಯಜಮಾನೀನ ಒಂದ್ಸಲ ನೋಡಲೇಬೇಕು" ಎಂದು ಅವರೇ ಹಟಹಿಡಿದು, ಸೊಸೆಯನ್ನೂ ಹೆಂಡತಿಯನ್ನೂ ಕರೆದುಕೊಂಡು ರಜೆಯ ಒಂದು ಮಧ್ಯಾಹ್ನ ಸಂಗ್ರಹಾಲಯಕ್ಕೆ ಬಂದರು. ಪಾಲಕರು ಎರಡು ದಿನ ಮೊದಲೇ ಫೋನಿನಲ್ಲಿ ಬೇಡವೆನ್ನಬಹುದಾಗಿತ್ತು, ಎನ್ನಲಿಲ್ಲ. ಮಗಳ ಮನೆಯವರು ತಮ್ಮ ಕೆಲಸವನ್ನು ನೋಡಲು ಬರುತ್ತಿರುವುದು ಅದೇ ಮೊದಲಾಗಿತ್ತು.

ಬೀಗರು ಪೆಟ್ಟಿಗೆಯನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು, ಬಗ್ಗಿ ನೋಡಿದರು.

"ಎಲ್ಲಿದ್ದಾಳ್ರೀ?"

"ಒಳಗಿದ್ದಾಳೆ. ಬಾಗಿಲು ಮೆತ್ಕೊಂಡಿದ್ದಾಳೆ. ಪೊರೆ ಬಿಡೋ ಸಮಯ. ಈಗ ಏನೂ ಮಾಡೋ ಹಾಗಿಲ್ಲ."

"ಅಂದ್ರೆ ನಾವು ಬಂದ ದಿನವೇ ಮೇಡಂ ರಜಾ!" ಬೀಗರು ಹೆಂಡತಿಯ ಕಡೆ ತಿರುಗಿದರು. "ಲೇ, ನೋಡೇ, ಇಷ್ಟು ವರ್ಷದಿಂದ ನಮ್ಮ ಬೀಗರು ಕಾಯ್ತಿರೋದು ಇದನ್ನೇ. ಗಾಜಿನ ಪೆಟ್ಟಿಗೆ, ಒಳಗೆ ಮಣ್ಣು. ನಮ್ಮ ಹಿತ್ತಲಲ್ಲೂ ಬೇಕಾದಷ್ಟು ಮಣ್ಣಿದೆ, ನನಗೆ ಮಾತ್ರ ಯಾರೂ ಕುರ್ಚಿ ಹಾಕಿ ಕೂರಿಸಲಿಲ್ಲ."

"ಸುಮ್ನಿರಿ, ಅವರಿಗೆ ಬೇಜಾರಾಗುತ್ತೆ" ಎಂದು ಬೀಗಿತ್ತಿ ನಗುತ್ತಲೇ ಗದರಿದರು.

"ಬೇಜಾರ್ಯಾಕೆ? ಬೀಗರೇ, ನಿಜ ಹೇಳಿ, ಯಾವಾಗಲೋ ಸತ್ತೋಗಿದೆ ತಾನೆ? ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಸುಮ್ನಿದ್ದೀರಿ. ನಾನು ಯಾರಿಗೂ ಹೇಳಲ್ಲ, ದೇವರಾಣೆ!"

ಅಕ್ಕಪಕ್ಕದ ಪೆಟ್ಟಿಗೆಗಳನ್ನು ನೋಡುತ್ತಿದ್ದ ಅಪರಿಚಿತರೂ ನಕ್ಕರು. ಪಾಲಕರೂ ನಗಲು ಯತ್ನಿಸಿದರು. ಅಷ್ಟಕ್ಕೇ ಮುಗಿಯಬಹುದಾಗಿತ್ತು. ಆದರೆ ಅವರ ಕಣ್ಣು ಮಗಳ ಮೇಲೆ ಬಿತ್ತು. ಮಗಳು ನಗುತ್ತಿರಲಿಲ್ಲ, ಸಿಟ್ಟಾಗಿಯೂ ಇರಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದಳು. ಅಪ್ಪನ ವಿಷಯದಲ್ಲಿ ಆ ಮನೆಯಲ್ಲಿ ಅವಳು ಇಂಥ ನಗುವನ್ನು ಎಷ್ಟು ಬಾರಿ ಹೀಗೆ ತಲೆ ತಗ್ಗಿಸಿ ದಾಟಿಸಿದ್ದಾಳೆಂಬುದು ಅವರಿಗೆ ಆ ಕ್ಷಣಕ್ಕೆ ಹೊಳೆಯಿತು.

"ಒಂದು ನಿಮಿಷ ಇರಿ" ಎಂದರು.

ಪೆಟ್ಟಿಗೆಯ ಹಿಂಬದಿಯ ಬೀಗ ತೆಗೆದರು. ಬೇರೆ ದಿನಗಳಲ್ಲಾದರೆ ಹುಲ್ಲುಕಡ್ಡಿಯಿಂದ ಬಾಗಿಲಿನ ಅಂಚನ್ನು ಕೆರೆದರೆ ಸಾಕು, ಬೇಟೆ ಬಂತೆಂದು ಯಜಮಾನಿ ಛಂಗನೆ ಮೇಲೇಳುತ್ತಿದ್ದಳು. ಅಂದು ಕಡ್ಡಿ ಸಾಲದೆಂದು ಅವರಿಗೆ ಗೊತ್ತಿತ್ತು. ಮೇಜಿನ ಮೇಲಿದ್ದ ಚಪ್ಪಟೆ ಚಾಕುವನ್ನು ತೆಗೆದುಕೊಂಡು, ಮೆತ್ತಿದ ಬಾಗಿಲಿನ ಅಂಚಿಗೆ ತೂರಿಸಿ, ಬಡಗಿಯ ಕೈಚಳಕದಿಂದ ಎತ್ತಿದರು. ಚೂರು ನೋಡಿ ಮುಚ್ಚಿಬಿಡುವುದು, ಜೀವಂತವಾಗಿದೆಯೆಂದು ಬೀಗರಿಗೆ ತೋರಿಸಿಬಿಡುವುದು, ಅಷ್ಟೇ ಅವರ ಲೆಕ್ಕಾಚಾರ. ಪೆಟ್ಟಿಗೆಯಲ್ಲಿ ಮಣ್ಣಿನ ಆಳ ಕಡಿಮೆಯಾದುದರಿಂದ ಬಿಲವೂ ಗಿಡ್ಡ. ಬಾಗಿಲಿನ ತೀರ ಕೆಳಗೇ ಯಜಮಾನಿ ಅಂಗಾತ ಮಲಗಿದ್ದಳು. ಅರ್ಧ ಮೈ ಹಳೆಯ ಚರ್ಮದಲ್ಲಿ, ಅರ್ಧ ಹೊರಗೆ. ಬಿಡಿಸಿಕೊಂಡ ಕಾಲುಗಳು ಹಾಲಿನಂತೆ ಬೆಳ್ಳಗಿದ್ದವು. ಚಾಕುವಿನ ತುದಿ ಅವುಗಳಲ್ಲೊಂದನ್ನು ಸೋಕಿತ್ತು. ಅಲ್ಲಿ ತಿಳಿನೀಲಿಯ ಒಂದು ಹನಿ ಮೂಡಿತ್ತು. ಜೇಡದ ರಕ್ತದ ಬಣ್ಣ ಅದು.

ಅವರು ಬಾಗಿಲನ್ನು ಮುಚ್ಚಿದರು. ಎತ್ತಿದ್ದ ಬಾಗಿಲೇ ಅಡ್ಡವಾಗಿದ್ದುದರಿಂದ ಎದುರಿದ್ದ ಬೀಗರಿಗೆ ಏನೂ ಕಂಡಿರಲಿಲ್ಲ.

"ಮಲಗಿದ್ದಾಳೆ" ಎಂದರು ಪಾಲಕರು.

"ಏಳಿಸಬೇಡಿ ಬಿಡಿ, ಪಾಪ. ನಮ್ಮನೇಲೂ ಒಬ್ಬಳು ಮಧ್ಯಾಹ್ನ ಮಲಗಿದ್ರೆ ಏಳಿಸೋ ಧೈರ್ಯ ನನಗಿಲ್ಲ" ಎಂದು ಬೀಗರು ಇನ್ನೊಂದು ಸುತ್ತು ನಗಿಸಿ ಮುಂದಿನ ಕೋಣೆಗೆ ಹೊರಟರು. ಮಗಳು ಮಾತ್ರ ಅಪ್ಪನ ಕೈಯಲ್ಲಿದ್ದ ಚಾಕುವನ್ನು ನೋಡಿ, ಮುಖ ನೋಡಿ ಅತ್ತೆಯ ಹಿಂದೆ ಹೋದಳು.

ಯಜಮಾನಿ ಮತ್ತೆ ಮೇಲೇಳಲಿಲ್ಲ. ವಾರಾಂತ್ಯ ಕಳೆದು ಪಾಲಕರೇ ಬಾಗಿಲನ್ನು ಪೂರ್ತಿ ತೆಗೆದು, ಅರ್ಧ ಕಳಚಿದ ಅಂಗಿಯಲ್ಲೇ ಒಣಗಿದ್ದ ಅವಳನ್ನು ಬಟ್ಟಲಿಗೆ ಎತ್ತಿಕೊಂಡು ಮುಖ್ಯಾಧಿಕಾರಿಯ ಕೊಠಡಿಗೆ ಒಯ್ದರು. ನಿಜ ಹೇಳಬೇಕೆಂದೇ ಮೆಟ್ಟಿಲು ಹತ್ತಿದ್ದರು. ಈ ಮಾತನ್ನು ಅವರ ಪರವಾಗಿ ದಾಖಲಿಸುವುದು ನ್ಯಾಯ. ಅದಕ್ಕಿಂತ ಹೆಚ್ಚಿನ ಬೆಲೆ ಅದಕ್ಕಿಲ್ಲ.

ಮುಖ್ಯಾಧಿಕಾರಿ ಮೇಡಂ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಯಜಮಾನಿ ಸಿಕ್ಕಿದ್ದ ಇಳಿಜಾರು ಈಗ ಕಲ್ಲುಗಣಿಯಾಗಿತ್ತು. ಅಂಥ ಇನ್ನೊಂದು ಸಿಗುವ ಆಸೆ ಅವರಿಗಿರಲಿಲ್ಲ.

"ಹೇಗಾಯ್ತು?" ಎಂದು ಕೇಳಿದರು. ಪಾಲಕರು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು: "ನೀವಿರುವಾಗ ಹೀಗಾಗೋಕೆ ಸಾಧ್ಯವೇ ಇಲ್ಲ. ಯಾರಾದ್ರೂ ಏನಾದ್ರೂ ಮಾಡಿದ್ರಾ? ಔಷಧಿ, ಫಿನಾಯಿಲ್, ಏನಾದ್ರೂ?"

ಪಾಲಕರು ಹೇಳಿದರು: "ಬೆಳಿಗ್ಗೆ ಫಿನಾಯಿಲ್ ವಾಸನೆ ಬರ್ತಿತ್ತು."

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೊರಗಿನ ಪಡಸಾಲೆಯನ್ನು ಪ್ರತಿದಿನ ಬೆಳಿಗ್ಗೆ ಫಿನಾಯಿಲ್ ಹಾಕಿಯೇ ಒರೆಸುತ್ತಿದ್ದರು. ವಾಸನೆ ಪ್ರತಿದಿನ ಬರುತ್ತಿತ್ತು. ಯಜಮಾನಿ ಪ್ರತಿದಿನ ಬದುಕಿಯೇ ಇದ್ದಳು. ಸತ್ಯಸಂಗತಿಯೊಂದನ್ನು ಹೀಗೂ ಬಳಸಬಹುದೆಂದು, ಕೀಟ ಯಾವುದು ಜೇಡ ಯಾವುದು ಎಂದು ಜೀವಮಾನವಿಡೀ ಲೋಕವನ್ನು ತಿದ್ದಿದ ಮನುಷ್ಯರು ಅಂದು ಕಲಿತರು.

ಸಂಗ್ರಹಾಲಯದ ನೆಲ ಒರೆಸುತ್ತಿದ್ದ ಹೆಂಗಸನ್ನು ಎಲ್ಲರೂ "ಅಕ್ಕ" ಎನ್ನುತ್ತಿದ್ದರು, ಆಕೆಗಿಂತ ಹಿರಿಯರೂ ಸಹ. ಮೊದಲು ಬರಿಯ ನೀರಿನಲ್ಲಿ ಜೀವಂತ ಪ್ರಾಣಿಗಳ ಕೋಣೆ, ಆಮೇಲೆ ಇನ್ನೊಂದು ಬಕೆಟ್ಟಿನಲ್ಲಿ ಫಿನಾಯಿಲ್ ಬೆರೆಸಿ ಪಡಸಾಲೆ. ಈ ಕ್ರಮವನ್ನು ಆಕೆ ಎಂದೂ ತಪ್ಪಿಸಿದವಳಲ್ಲ. ಆದರೆ ವಿಚಾರಣೆಯೆಂಬುದು ಯಾವ ಕಚೇರಿಯಲ್ಲೂ ಮೇಲಿನಿಂದ ಕೆಳಕ್ಕೇ ಹರಿಯುತ್ತದೆ. ಪೊರಕೆ ಹಿಡಿದವರ ಕಾಲ ಬಳಿ ಬಂದು ನಿಲ್ಲುತ್ತದೆ. ಚಹಾ ವಿರಾಮದಲ್ಲಿ ಮುಖ್ಯಾಧಿಕಾರಿಯವರು ಎಲ್ಲ ಸಿಬ್ಬಂದಿಯ ಎದುರು ಆಕೆಯನ್ನು ನಿಲ್ಲಿಸಿ ಕೇಳಿದರು. "ಬಕೆಟ್ ಅದಲುಬದಲಾಗಿರಬಹುದಾ?" ಎಂಬ ಪ್ರಶ್ನೆಗೆ, "ಆಗಿಲ್ಲ ಅಂದ್ಕೋತೀನಿ" ಎಂದು ಆಕೆ ಉತ್ತರಿಸಿದ್ದೇ ತಪ್ಪೊಪ್ಪಿಗೆಯಾಯಿತು. ಮರುದಿನದಿಂದ ಗೇಟಿನ ಬಳಿಯ ಸಾರ್ವಜನಿಕ ಶೌಚಾಲಯಗಳಿಗೆ ಬದಲಿ. ಆ ವರ್ಷ ಕೆಲಸ ಕಾಯಂ ಆಗುವವರಲ್ಲಿ ಆಕೆಯೂ ಒಬ್ಬಳಾಗಬೇಕಿತ್ತು, ಅದನ್ನೂ ಮುಂದೂಡಿದರು.

ಇಷ್ಟೂ ಹೊತ್ತು ಪಾಲಕರು ಚಹಾದ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ಗೋಡೆಗೊರಗಿ ನಿಂತಿದ್ದರು.

ಅದಕ್ಕಿಂತ ಕೀಳಾದದ್ದು ಇನ್ನೂ ನಡೆಯಬೇಕಾಗಿತ್ತು. ಕೆಲವು ದಿನಗಳ ಮೇಲೆ ಅಕ್ಕ ತಾನಾಗಿಯೇ ಪಾಲಕರ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಖಾಲಿ ಪೆಟ್ಟಿಗೆಯನ್ನು ನೋಡಿದವಳೇ ಅಳತೊಡಗಿದಳು.

"ಅಣ್ಣಾ, ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಿಲ್ಲ. ಅವತ್ತು ಮೊಮ್ಮಗುಗೆ ಜ್ವರ, ತಲೆ ಎಲ್ಲೋ ಇತ್ತು. ಬಕೆಟ್ ಬದಲಾಗಿತ್ತೇನೋ. ಮಗಳ ಥರ ಸಾಕಿದ್ರಿ. ನನ್ನ ಕೈಯಿಂದ ಹೀಗಾಯ್ತು."

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಕೋಣೆಯಲ್ಲಿ ಮತ್ತಾರೂ ಇರಲಿಲ್ಲ. ಪಾಲಕರು ತಮ್ಮ ಕನ್ನಡಕವನ್ನು ತೆಗೆದು ಒರೆಸಿದರು, ಹಾಕಿಕೊಂಡರು.

"ಹೋಗ್ಲಿ ಬಿಡಿ ಅಕ್ಕ" ಎಂದರು. "ಆಗಿದ್ದು ಆಯ್ತು. ಮನಸ್ಸಿಗೆ ಹಚ್ಕೋಬೇಡಿ."

ಅಕ್ಕ ಕಣ್ಣೊರೆಸಿಕೊಂಡು, ಎರಡೂ ಕೈ ಮುಗಿದು ಹೋದಳು. ತಾನೇ ಮಾಡಿದ ತಪ್ಪಿಗೆ ಇನ್ನೊಬ್ಬರನ್ನು ಕ್ಷಮಿಸಿದ ಮನುಷ್ಯನ ಬಾಯಿಯ ರುಚಿ ಹೇಗಿರುತ್ತದೆಂದು ಪಾಲಕರಿಗೆ ಆಮೇಲಿನ ದಿನಗಳಲ್ಲಿ ತಿಳಿಯಿತು. ಊಟ ಸೇರಲಿಲ್ಲ. "ಸತ್ತಿದ್ದು ಜೇಡ ರೀ, ನಾನಿನ್ನೂ ಇದ್ದೀನಿ" ಎಂದು ಹೆಂಡತಿ ಹಗುರ ಮಾಡಲು ನೋಡಿದರು. ಗಂಡನ ಮುಖ ಕಂಡು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಸಂದರ್ಶಕನೊಬ್ಬ ಪಕ್ಕದ ಪೆಟ್ಟಿಗೆಯ ಎದುರು "ಇದ್ಯಾವ ಕೀಟ?" ಎಂದಾಗ ಪಾಲಕರು ತಿದ್ದಲಿಲ್ಲ. ಇನ್ನೊಬ್ಬರನ್ನು ತಿದ್ದುವ ಅಧಿಕಾರ ತಮ್ಮ ಕೈಯಿಂದ ಜಾರಿಹೋಗಿದೆ ಎನಿಸಿತ್ತು. ಬೆಳಿಗ್ಗೆ ಗೇಟಿನ ಮೂಲಕ ಬರುವುದನ್ನು ಬಿಟ್ಟು, ಸಾಮಾನು ಇಳಿಸುವ ಹಿಂದಿನ ದಾರಿಯಿಂದ ಬರತೊಡಗಿದರು. ಮಗಳು ಫೋನು ಮಾಡಿ ಆರೋಗ್ಯ ವಿಚಾರಿಸಿದಳು. ಯಜಮಾನಿಯ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ಆ ಕೇಳದಿರುವಿಕೆಯನ್ನು ಅವರು ಕೇಳಿಸಿಕೊಂಡರು.

ಕಡೆಗೆ ಒಂದು ದಿನ ಮುಖ್ಯಾಧಿಕಾರಿಯ ಎದುರು ನಿಂತು ಎಲ್ಲವನ್ನೂ ಹೇಳಿದರು. ಬೀಗರು, ನಗು, ಚಾಕು, ನೀಲಿ ಹನಿ. ಮುಖ್ಯಾಧಿಕಾರಿಯವರು ಎದ್ದು ಹೋಗಿ ಕೊಠಡಿಯ ಕದ ಮುಚ್ಚಿ ಬಂದು ಕೂತರು.

"ಇದನ್ನ ಈಗ ಯಾಕೆ ಹೇಳ್ತಿದ್ದೀರಿ? ವರದಿ ಮೇಲಕ್ಕೆ ಹೋಗಿ ಆಗಿದೆ. ನಿಮ್ಮ ನಿವೃತ್ತಿಗೆ ಇನ್ನೆಷ್ಟು ದಿನ ಇದೆ? ಇಲಾಖಾ ವಿಚಾರಣೆ ಶುರುವಾದ್ರೆ ಪಿಂಚಣಿ ನಿಂತುಹೋಗುತ್ತೆ. ನೀವು ಹೋದ ಮೇಲೆ ನಾನು ಅಕ್ಕನ್ನ ಒಳಗೆ ಕರೆಸ್ಕೋತೀನಿ. ಆಯ್ತಾ? ಮನೆಗೆ ಹೋಗಿ, ಮಲಗಿ."

ಇದೊಂದು ದಯೆಯ ಮಾತೆಂದು ಮುಖ್ಯಾಧಿಕಾರಿಯವರು ಪ್ರಾಮಾಣಿಕವಾಗಿ ನಂಬಿದ್ದರು. ಯಾರ ಪಾಲಿನ ದಯೆಯನ್ನು ಕಿತ್ತು ಯಾರಿಗೆ ಹಂಚುತ್ತಿದ್ದೇವೆಂದು ಕೇಳಿಕೊಳ್ಳುವ ಅಭ್ಯಾಸ ಮುಚ್ಚಿದ ಕದಗಳ ಒಳಗಿಲ್ಲ. ಪಾಲಕರು ತಲೆಯಾಡಿಸಿ ಹೊರಬಂದರು. ಮೆಟ್ಟಿಲ ಮೇಲೆ ನಿಂತಾಗ, ಫಿನಾಯಿಲಿನ ಮಾತು, ಅಕ್ಕನಿಗೆ ಕೊಟ್ಟ ಕ್ಷಮೆ, ಇವೆರಡರ ಮೇಲೆ ತಾವೀಗ ತಲೆಯಾಡಿಸಿದ್ದು ಮೂರನೆಯ ತಪ್ಪೆಂದೂ, ಮೊದಲೆರಡನ್ನು ಗಾಬರಿಯಲ್ಲಿ ಮಾಡಿದ್ದೆನ್ನಬಹುದಾದರೂ ಇದನ್ನು ತಣ್ಣಗೆ ಯೋಚಿಸಿ ಮಾಡಿದ್ದೆಂದೂ ಅವರಿಗೆ ಸ್ಪಷ್ಟವಾಯಿತು. ಅಲ್ಲಿಂದ ನೇರವಾಗಿ ಗೇಟಿನ ಕಡೆ ನಡೆದರು.

ಅಕ್ಕ ಶೌಚಾಲಯದ ಹೊರಗೆ ಒರಸುಬಟ್ಟೆಯನ್ನು ಹಿಂಡುತ್ತಿದ್ದಳು.

"ಏನಣ್ಣ, ಈ ಕಡೆ? ಒಳಗೆ ನೀರು ಬರ್ತಿಲ್ವಾ?"

"ಅಕ್ಕ, ಯಜಮಾನಿ ಸತ್ತಿದ್ದು ಫಿನಾಯಿಲಿಂದ ಅಲ್ಲ. ಪೊರೆ ಬಿಡ್ತಿದ್ದಾಗ ನಾನು ಬಾಗಿಲು ತೆಗೆದೆ. ನಮ್ಮ ಬೀಗರಿಗೆ ತೋರಿಸೋಕೆ. ನನ್ನ ಚಾಕು ತಾಗ್ತು."

ಅಕ್ಕ ಹಿಂಡುವುದನ್ನು ನಿಲ್ಲಿಸಿದಳು. ಬಟ್ಟೆಯಿಂದ ನೀರು ತನ್ನಷ್ಟಕ್ಕೆ ಸೋರುತ್ತಿತ್ತು.

"ಅವತ್ತು ಮೇಡಂ ನನ್ನ ನಿಲ್ಲಿಸಿ ಕೇಳ್ದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ನಿಮ್ಮ ಹತ್ರ ಬಂದು ಅತ್ತಾಗ?"

"ಆಗ್ಲೂ."

"ಹೋಗ್ಲಿ ಬಿಡಿ ಅಂದ್ರಿ. ನಾನು ಮನೆಗೆ ಹೋಗಿ ಮಗಳಿಗೆ ಹೇಳ್ದೆ, ಎಂಥ ದೊಡ್ಡ ಮನುಷ್ಯ ಅಂತ." ಆಕೆಯ ದನಿ ಏರಲಿಲ್ಲ, ಏರಿದ್ದರೆ ಪಾಲಕರಿಗೆ ಸುಲಭವಾಗುತ್ತಿತ್ತು. "ಮೊಮ್ಮಗೂನ ಎತ್ಕೊಳೋ ಮುಂಚೆ ಕೈ ಮೂಸ್ಕೊಳ್ತೀನಿ ಗೊತ್ತಾ? ಎಷ್ಟು ತೊಳೆದ್ರೂ ವಾಸನೆ ಇದೆ ಅನ್ಸುತ್ತೆ. ಅಷ್ಟು ವರ್ಷ ಬದುಕಿದ ಜೀವಾನೇ ಹೋಯ್ತಲ್ಲ, ಈ ಮಗು ಎಷ್ಟರದು ಅಂತ."

"ತಪ್ಪಾಯ್ತು ಅಕ್ಕ. ಕ್ಷ..."

"ಬೇಡ." ಆಕೆ ಕೈಯೆತ್ತಿ ತಡೆದಳು. "ಇಲ್ಲಿ ಬೇಡ. ಕಕ್ಕಸಿನ ಮುಂದೆ ಗುಟ್ಟಾಗಿ ಹೇಳಿ ಹೋಗೋ ಮಾತಾ ಇದು? ನನ್ನ ಮೇಲೆ ಹೊರಿಸಿದ್ದು ಎಲ್ಲರ ಮುಂದೆ. ಈಗ ಚಹಾ ಹೊತ್ತು, ಎಲ್ಲ ಅಲ್ಲೇ ಇರ್ತಾರೆ. ನಡೀರಿ."

ಆಕೆ ಮುಂದೆ, ಪಾಲಕರು ಹಿಂದೆ. ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಆಕೆ ಸಿಬ್ಬಂದಿಯ ಚಹಾ ಕೊಠಡಿಗೆ ನುಗ್ಗಿದಾಗ ಟಿಕೆಟ್ ಕೊಡುವವರು, ಕಾವಲಿನವರು, ಸತ್ತ ಹಕ್ಕಿಗಳ ಚರ್ಮಕ್ಕೆ ಹುಲ್ಲು ತುಂಬುವವರು ಎಲ್ಲರೂ ಲೋಟ ಹಿಡಿದಿದ್ದರು. ಮುಖ್ಯಾಧಿಕಾರಿಯವರೂ ಅದೇ ಆಗ ಕೆಳಗಿಳಿದು ಬಂದಿದ್ದರು. ಪಾಲಕರನ್ನು ಕಂಡು ಬೇಡವೆಂಬಂತೆ ತಲೆಯಲ್ಲಾಡಿಸಿದರು.

"ಓಹೋ, ಕೀಟ ಅಲ್ಲ ಬಂದ್ರು! ಬನ್ನಿ, ನಿಮ್ಮ ಲೋಟ ಆರ್ತಿದೆ" ಎಂದರು ಯಾರೋ.

"ಯಜಮಾನೀನ ಕೊಂದಿದ್ದು ನಾನು" ಎಂದರು ಪಾಲಕರು. "ಮೆತ್ತಿದ ಬಾಗಿಲನ್ನ ಚಾಕು ಹಾಕಿ ತೆಗೆದೆ. ಫಿನಾಯಿಲ್ ವಾಸನೆ ಅಂದಿದ್ದು ನಾನು ತಪ್ಪಿಸಿಕೊಳ್ಳೋಕೆ. ಅಕ್ಕ ಏನೂ ಮಾಡಿಲ್ಲ."

ಮಾತು ಮುಂದಿನ ಬೆಂಚುಗಳವರೆಗಷ್ಟೇ ತಲುಪಿತು. ಮುಂದಿನ ಬೆಂಚಿನವರು ಲೋಟವನ್ನು ಕೆಳಗಿಟ್ಟರು. ಹಿಂದೆ ಕಿಟಕಿಯ ಬಳಿಯಿದ್ದ ಕಾವಲಿನವರು "ಏನಂತೆ? ಏನಂತೆ?" ಎಂದು ಪಕ್ಕದವರನ್ನು ತಿವಿಯುತ್ತಿದ್ದರು.

ಮುಖ್ಯಾಧಿಕಾರಿಯವರು ಎದ್ದರು. "ಆಯ್ತು, ಸಾಕು. ಎಲ್ಲರಿಗೂ ಗೊತ್ತಾಯ್ತು. ಅಕ್ಕ, ನೀವು ನಾಳೆಯಿಂದ ಒಳಗಿನ ಕೆಲಸಕ್ಕೇ ಬನ್ನಿ. ಕಾಯಂ ವಿಷಯಾನೂ ನಾನು ಬರೀತೀನಿ."

"ಬರ್ತೀನಿ ಮೇಡಂ. ಅದು ಆಮೇಲೆ" ಎಂದಳು ಅಕ್ಕ. ಆಮೇಲೆ ಪಾಲಕರ ಕಡೆ ತಿರುಗಿದಳು. "ಹಿಂದಿನವರಿಗೆ ಕೇಳಿಸಿಲ್ಲ. ಇನ್ನೊಂದ್ಸಲ ಹೇಳಿ."

ಪಾಲಕರು ಬೆವರಿದ್ದ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಎದುರಿನ ಮುಖಗಳು ಮಸಕಾದವು. ಮತ್ತೆ ಮೊದಲಿನಿಂದ ಹೇಳಿದರು, ಕಿಟಕಿಯವರೆಗೂ ಕೇಳುವಂತೆ. ಮೊದಲ ಸಲ ನುಂಗಿಕೊಂಡಿದ್ದ ಮಾತನ್ನೂ, ಅಂದರೆ ತಾವು ಆಕೆಯನ್ನು ಕ್ಷಮಿಸಿ ಕಳಿಸಿದ್ದನ್ನೂ, ಈ ಸಲ ಬಿಡಲಿಲ್ಲ.